ಟೋಕೊ ಪುಟ್ಟಮ್ಮ

ಊರಿಗೆಲ್ಲ ಗೊತ್ತಿರುವ ವಿಷಯವನ್ನು ತನ್ನೊಬ್ಬನ ಸ್ವತ್ತೆಂದು ತಿಳಿಯುವ ಕಾಯಿಲೆ ನಮ್ಮ ವಂಶದಲ್ಲೇ ಇದೆ. ಮೈಸೂರಿನಲ್ಲಿ ನನ್ನ ದೊಡ್ಡಪ್ಪ ಒಬ್ಬರಿದ್ದರು. ತಾವು ಕಾಫಿಪುಡಿ ತರುವ ಅಂಗಡಿ ಯಾವುದೆಂದು ಸ್ವಂತ ತಮ್ಮನಿಗೂ, ಅಂದರೆ ನಮ್ಮಪ್ಪನಿಗೂ, ಹೇಳುತ್ತಿರಲಿಲ್ಲ. ಕೇಳಿದರೆ "ಅಲ್ಲೇ, ಮಾರ್ಕೆಟ್ ಕಡೆ" ಎಂದು ಅರ್ಧ ಊರು ಸೇರುವಂತೆ ಕೈ ಬೀಸುತ್ತಿದ್ದರು. ಆ ಅಂಗಡಿಗೆ ಬೋರ್ಡಿತ್ತು, ಬಾಗಿಲಿತ್ತು, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬೀಜ ಹುರಿದ ಘಮವಿತ್ತು. ಇನ್ನೂ ನಾಲ್ಕು ಜನಕ್ಕೆ ತಿಳಿದರೆ ಅಂಗಡಿಯವನಿಗೆ ಸಂತೋಷವೇ. ಆದರೂ ದೊಡ್ಡಪ್ಪ ಮನೆಗೆ ಬಂದ ಕೂಡಲೇ ಪುಡಿಯನ್ನು ಡಬ್ಬಿಗೆ ಸುರಿದು, ಅಂಗಡಿಯ ಹೆಸರಿದ್ದ ಪೊಟ್ಟಣವನ್ನು ಹರಿದು ಒಲೆಗೆ ಹಾಕುತ್ತಿದ್ದರು. ಚಿಕ್ಕವರಾಗಿದ್ದಾಗ ನಾವೆಲ್ಲ ಅವರ ಬೆನ್ನ ಹಿಂದೆ ನಗುತ್ತಿದ್ದೆವು. ಆ ರಕ್ತ ನನ್ನ ಮೈಯಲ್ಲೂ ಹರಿಯುತ್ತಿದೆ ಎಂದು ನನಗೆ ತಿಳಿದದ್ದು ನೆದರ್‌ಲ್ಯಾಂಡ್ಸಿಗೆ ಬಂದು, ಹಿಂದೆಯೇ ಕೊರೊನಾ ಬಂದು, ಮನೆಯಲ್ಲಿ ಕೂತು ನಾನೊಂದು ಮ್ಯಾಪ್ ಮಾಡಿದ ಮೇಲೆ.

ನಾನಿರುವುದು ವೆಲ್ಡ್‌ಹೋವನ್‌ನಲ್ಲಿ. ಚಿಪ್ ಮಾಡುವ ಯಂತ್ರಗಳನ್ನು ಮಾಡುವ ಊರು ಇದು. ಆ ದೊಡ್ಡ ಯಂತ್ರದ ಯಾವುದೋ ಮೂಲೆಯ ಯಾವುದೋ ತಿರುಪು ಒಂದಿಷ್ಟು ಬಿಸಿಯಾದರೆ ಏನಾದೀತು ಎಂದು ಚಿಂತಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಲಾಕ್‌ಡೌನ್ ಬಂದು ಈ ಚಿಂತೆಯನ್ನು ಊಟದ ಮೇಜಿನ ಮುಂದೆ ಕೂತು ಮಾಡಿ ಎಂದರು. ಊಟದ ಮೇಜಿನ ಮುಂದೆ ಕೂತ ಮನುಷ್ಯನ ಚಿಂತೆ ತಿರುಪಿನ ಮೇಲೆ ಎಷ್ಟು ಹೊತ್ತು ನಿಂತೀತು? ಜೊತೆಗೆ ಅದೇ ವಾರ ಊರಿನಲ್ಲಿ ತೊಗರಿಬೇಳೆ ಮಾಯವಾಯಿತು. ಡಚ್ಚರು ಟಾಯ್ಲೆಟ್ ಪೇಪರಿನ ಹಿಂದೆ ಓಡುತ್ತಿದ್ದಾಗ ನಮ್ಮವರು ಬೇಳೆಯ ಹಿಂದೆ ಓಡಿದರು. ಯಾರ ಭಯ ದೇಹದ ಯಾವ ತುದಿಯಲ್ಲಿದೆ ಎಂದು ಆಗ ತಿಳಿಯಿತು. ಟೋಕೊ ಎಂದರೆ ಇಲ್ಲಿ ನಮ್ಮ ಕಡೆಯ, ಸುರಿನಾಮಿನ, ಇಂಡೋನೇಷ್ಯಾದ ದಿನಸಿ ಸಿಗುವ ಪುಟ್ಟ ಅಂಗಡಿ. ಯಾವ ಟೋಕೊ ತೆರೆದಿದೆ, ಯಾವುದರಲ್ಲಿ ಬೇಳೆ ಉಳಿದಿದೆ, ಯಾವುದರಲ್ಲಿ ಕರಿಬೇವು ಬುಧವಾರ ಬರುತ್ತದೆ, ಒಳಗೆ ಒಮ್ಮೆಗೆ ಎಷ್ಟು ಜನರನ್ನು ಬಿಡುತ್ತಾರೆ ಎಂಬುದು ಯಾರಿಗೂ ಸರಿಯಾಗಿ ತಿಳಿಯದು. ನಮ್ಮ ಕನ್ನಡಿಗರ ಮೊಬೈಲ್ ಗ್ರೂಪಿನಲ್ಲಿ ದಿನವಿಡೀ ಇದೇ ಗೋಳು. ನಾನು ನಿರ್ಧರಿಸಿದೆ. ತಿರುಪನ್ನು ಬದಿಗಿಟ್ಟು ದೇಶದ ಟೋಕೊಗಳನ್ನೆಲ್ಲ ಒಂದು ಮ್ಯಾಪಿನಲ್ಲಿ ಚುಕ್ಕೆ ಇಟ್ಟು ಕೂರಿಸಿಬಿಟ್ಟೆ. ಚುಕ್ಕೆ ಮುಟ್ಟಿದರೆ ಅಂಗಡಿಯ ಹೆಸರು, ಸಿಗುವ ಸಾಮಾನು, ಬಾಗಿಲು ತೆಗೆಯುವ ಹೊತ್ತು ಎಲ್ಲವೂ ಬರುತ್ತಿತ್ತು.

ಸುಮ್ಮನೆ ಆಗಲಿಲ್ಲ ಇದು. ಹತ್ತಿರದ ಅಂಗಡಿಗಳಿಗೆ ಎದುರುಗಾಳಿಯಲ್ಲಿ ಸೈಕಲ್ ತುಳಿದು ಹೋದೆ. ದೂರದವಕ್ಕೆ ಫೋನ್ ಮಾಡಿ, ನನ್ನ ಹರಕು ಡಚ್‌ನಲ್ಲಿ "ಮೆಂತ್ಯಸೊಪ್ಪು ಇದೆಯೇ" ಎಂದು ಕೇಳಿ, ಇಲ್ಲ ಎಂಬ ಒಂದೇ ಪದವನ್ನು ನಾನಾ ಸ್ವರಗಳಲ್ಲಿ ಕೇಳಿಸಿಕೊಂಡೆ. ಉಳಿದ ಒಂದಷ್ಟು ಚುಕ್ಕೆಗಳನ್ನು ಆಫೀಸಿನ ಗೆಳೆಯ ಸೆಂದಿಲ್ ತಮಿಳರ ಗ್ರೂಪಿಗೆಂದು ತಾನೇ ಮಾಡಿ, ಹಿಂದೊಮ್ಮೆ ನನಗೆ ತೋರಿಸಿದ್ದ ಪಟ್ಟಿಯಿಂದ ತೆಗೆದುಕೊಂಡೆ. ಆಲ್ಮೆರೆಯಲ್ಲಿ ಎಳೆ ನುಗ್ಗೆಸೊಪ್ಪು ಸಿಗುವ ಟೋಕೊ ಚೆಲ್ಲಮ್ಮ ಮೊದಲಾದವು ಅಲ್ಲಿಂದ ಬಂದವು. ಒಂದಷ್ಟು ಎಂದೆನಲ್ಲ, ಅರ್ಧ ಎಂದರೂ ತಪ್ಪಾಗಲಾರದು. ನಾನು ಇದನ್ನು ಸಂಗ್ರಹ ಎಂದು ಕರೆದೆ. ಸಂಗ್ರಹ ಎಂಬುದು ಎಷ್ಟು ಗಂಭೀರವಾದ ಪದ ನೋಡಿ, ಹೇಳಿದ ಕೂಡಲೇ ಮನುಷ್ಯನಿಗೆ ಕನ್ನಡಕ ಬಂದಂತಾಗುತ್ತದೆ.

ಗ್ರೂಪಿನಲ್ಲಿ ಹಾಕಿದ ಮೇಲೆ ಕೈ ಮುಗಿಯುವ ಚಿತ್ರಗಳು ಬಂದು ಬಿದ್ದವು. "ನಾಗೇಂದ್ರ ಅವರ ಮ್ಯಾಪ್" ಎಂಬುದು ನಾಡಿನ ಉದ್ದಗಲಕ್ಕೂ ಹಬ್ಬಿದ ಹೆಸರಾಯಿತು. ನಾಡು ಅಂದರೆ ಆ ಗ್ರೂಪು. ನನ್ನ ಹೆಂಡತಿ ವಸುಧಾ ಮಾತ್ರ ಅದನ್ನು ತೆರೆದು ನೋಡಲಿಲ್ಲ. "ಮ್ಯಾಪ್ ಮಾಡಿದೋರೇ ಮನೇಲಿ ಬಿದ್ದಿರೋವಾಗ ಮ್ಯಾಪ್ ಯಾಕ್ರೀ? ಹೋಗಿ, ಕೊತ್ತಂಬರಿ ತಗೊಂಡ್ ಬನ್ನಿ" ಎಂದಳು. ಖ್ಯಾತಿವಂತರ ಮನೆಗಳಲ್ಲೆಲ್ಲ ಹೀಗೇ ಇರಬೇಕು ಎಂದು ಸಮಾಧಾನ ಮಾಡಿಕೊಂಡು ಕೊತ್ತಂಬರಿ ತಂದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಗ್ರೂಪಿನಲ್ಲಿ ಇನ್ನೊಂದು ಮ್ಯಾಪ್ ಬಂತು. ಹಾಕಿದವರು ಧಾರವಾಡದ ಪ್ರಹ್ಲಾದ; ನಮ್ಮ ಹಿಂದಿನ ಬೀದಿಯಲ್ಲೇ ಮನೆ. ಒಳ್ಳೆಯ ಮನುಷ್ಯ ಎಂದು ಅಲ್ಲಿಯವರೆಗೆ ನಂಬಿದ್ದೆ. ನನ್ನ ಚುಕ್ಕೆಗಳೇ, ಆದರೆ ಅವಕ್ಕೆ ಬಣ್ಣ ಬಂದಿತ್ತು: ಸೊಪ್ಪಿಗೆ ಹಸಿರು, ಬೇಳೆಗೆ ಹಳದಿ, ಖಾರದಪುಡಿಗೆ ಕೆಂಪು. ಮೇಲ್ಗಡೆ ಪ್ರಹ್ಲಾದ ಕೈ ಮುಗಿದು ನಿಂತ ಫೋಟೊ. ಕೆಳಗಡೆ "ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ" ಎಂಬ ಸಾಲು. ಆ ಸಾಲನ್ನು ಓದಿದಾಗ ನನ್ನ ಹೊಟ್ಟೆಯಲ್ಲಿ ದೊಡ್ಡಪ್ಪ ಎದ್ದು ಕೂತರು. ಎಲ್ಲ ಹಕ್ಕುಗಳನ್ನು ಕಾಯ್ದಿರಿಸುವುದಕ್ಕೆ ನನಗೇ ಹೊಳೆದಿರಲಿಲ್ಲವಲ್ಲ ಎಂಬ ಸಂಕಟ ಒಂದು ಕಡೆ, ನಿನ್ನೆಯವರೆಗೆ ನನಗೆ ಕೈ ಮುಗಿಯುತ್ತಿದ್ದ ಜನರೇ ಈಗ ಅಲ್ಲಿಗೆ ಹೋಗಿ ಮುಗಿಯುತ್ತಿದ್ದಾರಲ್ಲ ಎಂಬ ಉರಿ ಇನ್ನೊಂದು ಕಡೆ. ಫೋನ್ ಎತ್ತಿ ನಯವಾಗಿಯೇ ಕೇಳಿದೆ.

"ಪ್ರಹ್ಲಾದ ಅವರೇ, ಚುಕ್ಕೆಗಳೆಲ್ಲ ಎಲ್ಲೋ ನೋಡಿದ ಹಾಗಿದೆಯಲ್ಲ?"

"ನೋಡಿರ್ತೀರಿ ಬಿಡ್ರಿ ಸರ. ಅಂಗಡಿ ಏನ್ ನಿಮ್ಮ ಮನ್ಯಾಗ ಅದಾವೇನ್ರಿ? ರಸ್ತೆದಾಗ ಅದಾವು. ನೀವೂ ನೋಡೀರಿ, ನಾನೂ ನೋಡೇನಿ."

"ಎಲ್ಲಾನೂ ನೋಡಿದ್ದೀರಾ?"

"ಸೂರ್ಯ ಪೂರ್ವಕ್ಕ ಹುಟ್ಟತಾನ ಅಂತ ನೀವು ಮೊದಲ ಹೇಳೀರಿ ಅಂತಂದ್ರ, ನಾ ಪಶ್ಚಿಮಕ್ಕ ಹುಟ್ಟತಾನ ಅಂತ ಬರೀಲೇನ್ರಿ?"

ಈ ಮಾತಿಗೆ ತಕ್ಕ ಉತ್ತರ ನನಗೆ ಸ್ನಾನ ಮಾಡುವಾಗ ಹೊಳೆಯಿತು, ಆದರೆ ಆ ಹೊತ್ತಿಗೆ ಫೋನ್ ಇಟ್ಟು ಎರಡು ದಿನವಾಗಿತ್ತು.

ನಮ್ಮ ಪಕ್ಕದ ಮನೆಯ ಮಾರ್ಲೀಸ್ ವಕೀಲೆ. ಇಂಥದ್ದು ಯಾರಿಗೆ ಸೇರಿದ್ದು, ಯಾರು ನಕಲು ಮಾಡಬಾರದು ಎಂಬ ವ್ಯಾಜ್ಯಗಳೇ ಅವಳ ಕಸುಬು. ಆ ಕಾಲದಲ್ಲಿ ಎಲ್ಲರ ಹಾಗೆ ಅವಳೂ ಹಿತ್ತಲಲ್ಲೇ ಇರುತ್ತಿದ್ದಳು. ಬೇಲಿಯ ಈಚೆ ನಾನು, ಆಚೆ ಅವಳು, ನಡುವೆ ಸರ್ಕಾರ ಹೇಳಿದ ಒಂದೂವರೆ ಮೀಟರ್. ನನ್ನ ಪುಕ್ಕಟೆ ಮೊಕದ್ದಮೆಯನ್ನು ಅವಳ ಮುಂದಿಟ್ಟೆ. ಅವಳು ಹೂಗಿಡ ಕತ್ತರಿಸುತ್ತಲೇ ಕೇಳಿಸಿಕೊಂಡಳು. "ಅಂಗಡಿ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ ಅನ್ನೋದು ವಾಸ್ತವ ಸಂಗತಿ. ವಾಸ್ತವಕ್ಕೆ ಮಾಲೀಕರಿಲ್ಲ. ನೀನು ಕಲ್ಪಿಸಿ ಬರೆದದ್ದು ನಿನ್ನದು, ಇರುವುದನ್ನು ಹೇಳಿದರೆ ಅದು ಎಲ್ಲರದ್ದು" ಎಂದಳು. ನನ್ನ ಮುಖ ಬಾಡಿದ್ದು ನೋಡಿ, ಚದುರಿದ ಮಾಹಿತಿಯನ್ನು ಬಹಳ ಶ್ರಮಪಟ್ಟು, ಖರ್ಚು ಮಾಡಿ ಒಂದೆಡೆ ಸೇರಿಸಿದವರಿಗೆ ಇಲ್ಲಿ ಬೇರೊಂದು ಹಕ್ಕು ಇದೆಯೆಂದೂ ಸೇರಿಸಿದಳು. ನನ್ನ ಎದೆ ಉಬ್ಬಿತು. ಸೈಕಲ್ಲು, ಎದುರುಗಾಳಿ, ಹರಕು ಡಚ್ ಎಲ್ಲವನ್ನೂ ಬಣ್ಣಿಸಿದೆ. "ಹಾಗಾದರೆ ಎಲ್ಲವನ್ನೂ ನೀನೇ ಓಡಾಡಿ ಸೇರಿಸಿದೆ, ಅಲ್ವಾ?" ಎಂದಳು. ನನಗೆ ಸೆಂದಿಲ್ ನೆನಪಾದ. ಬೇಲಿಯ ಗಿಡದಲ್ಲಿ ಏನೋ ಹುಳು ಕಂಡಂತೆ ಬಗ್ಗಿ ನೋಡತೊಡಗಿದೆ.

ಆಗ ಅವಳು ನನ್ನ ಸಮಾಧಾನಕ್ಕೆಂದು ಒಂದು ಹಳೆಯ ಕತೆ ಹೇಳಿದಳು. ಆ ಕತೆಯೇ ನನ್ನನ್ನು ಹಾಳು ಮಾಡಿತು. ಹಿಂದೆ ಊರಿನ ನಕ್ಷೆ ಅಚ್ಚು ಹಾಕುವವರು ಬೇಕೆಂದೇ ಒಂದು ಇಲ್ಲದ ಓಣಿಯನ್ನು ನಕ್ಷೆಯಲ್ಲಿ ಸೇರಿಸುತ್ತಿದ್ದರಂತೆ. ಬೇರೆಯವನ ನಕ್ಷೆಯಲ್ಲೂ ಆ ಓಣಿ ಕಂಡರೆ ಕಳ್ಳ ಸಿಕ್ಕಿಬಿದ್ದ ಎಂದರ್ಥ. "ತಮಾಷೆ ನೋಡು, ಇಡೀ ನಕ್ಷೆಯಲ್ಲಿ ಅವರದೇ ಸ್ವಂತ ಅನ್ನುವಂಥದ್ದು ಆ ಸುಳ್ಳು ಒಂದೇ" ಎಂದು ನಕ್ಕು ಅವಳು ಒಳಗೆ ಹೋದಳು. ನಾನು ನಗಲಿಲ್ಲ. ನನ್ನ ತಲೆಯಲ್ಲಿ ಆಗಲೇ ಓಣಿಯೊಂದು ಏಳುತ್ತಿತ್ತು.

ಸುಳ್ಳು ಹೇಳುವುದಾದರೆ ಚೆನ್ನಾಗಿಯೇ ಹೇಳಬೇಕು. ಎಂದೋ ಒಂದು ತರಬೇತಿಗೆಂದು ರಾಟರ್‌ಡ್ಯಾಮಿನ ಪಕ್ಕದ ಕಾಪೆಲ್ಲೆ ಆನ್ ಡೆನ್ ಐಸೆಲ್‌ಗೆ ಹೋಗಿದ್ದೆ. ಬರೀ ಗಾಜಿನ ಆಫೀಸುಗಳ ಬಡಾವಣೆ ಅದು. ಮಧ್ಯಾಹ್ನ ಒಂದು ಬಾಳೆಹಣ್ಣು ಬೇಕೆಂದರೂ ಸಿಕ್ಕಿರಲಿಲ್ಲ. ಅಂಥ ಜಾಗದಲ್ಲಿ ಟೋಕೊ ಇರುವ ಸಾಧ್ಯತೆಯೇ ಇಲ್ಲ. ಚುಕ್ಕೆ ಅಲ್ಲಿಟ್ಟೆ. ಹೆಸರು ಬೇಕಲ್ಲ? ಮೈಸೂರಿನಲ್ಲಿ ನಮ್ಮ ಬೀದಿಗೆ ಚಳಿಗಾಲದಲ್ಲಿ ಅವರೆಕಾಯಿ ತರುತ್ತಿದ್ದವಳು ಪುಟ್ಟಮ್ಮ. ಬುಟ್ಟಿ ಇಳಿಸುವ ಮೊದಲೇ ಅಳತೆಯ ಜಗಳ ಶುರುಮಾಡುತ್ತಿದ್ದ ಹೆಂಗಸು. ಟೋಕೊ ಪುಟ್ಟಮ್ಮ ಎಂದು ಬರೆದೆ. ಸಿಗುವ ಸಾಮಾನು: ಸೊಗಡಿನ ಹಸಿ ಅವರೆಕಾಯಿ, ವರ್ಷಪೂರ್ತಿ. ಮೈಸೂರಿನ ಕಡೆಯವರು ಯಾರಾದರೂ ವರ್ಷಪೂರ್ತಿ ಎಂಬ ಪದಕ್ಕೇ ಎದ್ದು ಕೂರುತ್ತಿದ್ದರು. ಸೊಗಡಿನ ಕಾಯಿ ವರ್ಷಪೂರ್ತಿ ಸಿಗುವುದಿದ್ದರೆ ನಾವೇಕೆ ಡಿಸೆಂಬರಿಗೆ ಕಾಯುತ್ತಿದ್ದೆವು? ಧಾರವಾಡದ ಪ್ರಹ್ಲಾದರಿಗೆ ಅವರೆಕಾಯಿ ಎಂದರೆ ಹತ್ತರಲ್ಲಿ ಹನ್ನೊಂದನೆಯ ಕಾಯಿ. ಅವರಿಗೆ ಅನುಮಾನ ಬರಲಿಲ್ಲ. ಮಾರನೆಯ ದಿನವೇ ಅವರ ಮ್ಯಾಪಿನ ಕಾಪೆಲ್ಲೆಯಲ್ಲಿ ಹಸಿರು ಚುಕ್ಕೆಯಾಗಿ ಪುಟ್ಟಮ್ಮ ಕೂತಿದ್ದಳು.

ಆ ದಿನ ನನಗಾದ ಆನಂದ ಹೇಳತೀರದು. ಗ್ರೂಪಿನಲ್ಲಿ ಇದನ್ನು ಬಯಲಿಗೆಳೆಯುವ ಬರಹವನ್ನು ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡೆ. ಸರಿಯಾದ ಸಂದರ್ಭ ಬರಲಿ ಎಂದು ಕಾದೆ. ಸಂದರ್ಭ ಬಂತು, ಆದರೆ ಅದು ಅಡುಗೆಮನೆಯಿಂದ ಬಂತು.

ವಸುಧಾ ಪ್ರತಿ ಡಿಸೆಂಬರಿನಲ್ಲೂ ಮೈಸೂರಿಗೆ ಹೋಗುವವಳು. ತವರಿಗೆ ಎನ್ನುತ್ತಾಳೆ, ಆದರೆ ಅವರೆಕಾಯಿಗೆ ಎಂಬುದು ಅವಳ ತವರಿನವರಿಗೂ ಗೊತ್ತು. ಆ ವರ್ಷ ಹೋಗುವಂತಿರಲಿಲ್ಲ. ವಿಡಿಯೊ ಕಾಲ್‌ನಲ್ಲಿ ಅವಳ ಅಮ್ಮ ಮೊರದಲ್ಲಿ ಅವರೆಕಾಯಿ ಹರವಿಕೊಂಡು ಬಿಡಿಸುತ್ತಿದ್ದರು. "ಈ ಸಲ ಕಾಯಿ ಬಹಳ ಚೆನ್ನಾಗಿ ಬಂದಿದೆ ಕಣೇ, ಕೈಯೆಲ್ಲ ಸೊಗಡು" ಎಂದು ಕೈಯನ್ನು ಕ್ಯಾಮೆರಾದ ಹತ್ತಿರ ಹಿಡಿದರು. ವಸುಧಾ ನಕ್ಕಳು, ಮಾತಾಡಿದಳು, ಫೋನ್ ಇಟ್ಟಳು. ಆಮೇಲೆ ನಲ್ಲಿ ಬಿಟ್ಟುಕೊಂಡು ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ನಿಂತಳು. ಹೋಗಿ ಏನಾದರೂ ಹೇಳಬೇಕು ಅನಿಸಿತು. ಅಮ್ಮನನ್ನು ನೋಡದೆ ಹೋದ ವರ್ಷಕ್ಕೆ ನನ್ನ ಬಳಿ ಯಾವ ಪರಿಹಾರವೂ ಇರಲಿಲ್ಲ. ನನಗೆ ನಿಜವಾಗಿ ದುಃಖವಾಯಿತು.

ಮರುದಿನ ಬೆಳಗ್ಗೆ ಅವಳು ಫೋನ್ ಹಿಡಿದುಕೊಂಡೇ ಊಟದ ಮೇಜಿಗೆ ಬಂದಳು. ನಾನು ಮೀಟಿಂಗ್‌ನಲ್ಲಿದ್ದೆ.

"ರೀ, ಕಾಪೆಲ್ಲೆಯಲ್ಲಿ ಅವರೆಕಾಯಿ ಸಿಗುತ್ತಂತೆ! ಪ್ರಹ್ಲಾದ ಅವರ ಮ್ಯಾಪಲ್ಲಿದೆ ಅಂತ ಎಲ್ಲಾರೂ ಹೇಳ್ತಿದ್ದಾರೆ. ಶನಿವಾರ ಹೋಗೋಣ."

ಮೀಟಿಂಗಿನ ಮೈಕ್ ಆರಿಸಿದೆ. "ಅಷ್ಟು ದೂರ ಯಾಕೆ? ಈಗ ಎಲ್ಲಿಗೂ ಹೋಗಬೇಡಿ ಅಂತಿದ್ದಾರಲ್ಲ" ಎಂದೆ.

"ತರಕಾರಿ ತರೋದಕ್ಕೆ ಹೋಗಬೇಡಿ ಅಂದಿಲ್ಲ."

"ಆ ಪ್ರಹ್ಲಾದನ ಮ್ಯಾಪ್ ನಂಬೋ ಹಾಗಿಲ್ಲ ವಸೂ."

"ನಿಮ್ಮದನ್ನೇ ನೋಡಿ ಮಾಡಿದ್ದು ಅಂತ ನೀವೇ ದಿನಾ ಬೈಕೊಳ್ತಿದ್ರಿ. ನಿಮ್ಮದು ಸರಿಯಿದ್ರೆ ಅವರದೂ ಸರಿಯಿರಬೇಕಲ್ಲ?"

ಮಾರ್ಲೀಸ್‌ಗೂ ಇಂಥ ವಾದ ಹೊಳೆದಿರಲಿಲ್ಲ. ಅಲ್ಲೇ ಹೇಳಿಬಿಡಬಹುದಿತ್ತು, ಪುಟ್ಟಮ್ಮ ಸುಳ್ಳು, ಅವರೆಕಾಯಿ ಸುಳ್ಳು ಎಂದು. ಅವಳ ಮುಖ ನೋಡಿದೆ. ಎಷ್ಟೋ ವಾರಗಳ ಮೇಲೆ ಅದರಲ್ಲಿ ಬೆಳಕಿತ್ತು. ಅದನ್ನು ನನ್ನ ಕೈಯಾರೆ ಆರಿಸುವುದು ಹೇಗೆ? ಕಾಪೆಲ್ಲೆಯಲ್ಲಿ ತಾನಾಗಿಯೇ ಆರಲಿ, ಆ ಪಾಪ ಪ್ರಹ್ಲಾದರ ತಲೆಗೆ ಹೋಗಲಿ ಎಂದು ಲೆಕ್ಕ ಹಾಕಿದೆ. ಇಂಥ ಲೆಕ್ಕಗಳಲ್ಲಿ ನಾನು ತಿರುಪಿನ ಲೆಕ್ಕಕ್ಕಿಂತ ಚುರುಕು.

ಶನಿವಾರ ಹೊರಟೆವು. ಅವಳು ಹಿಂದಿನ ಸೀಟಿನಲ್ಲಿ ಎರಡು ದೊಡ್ಡ ಚೀಲಗಳನ್ನು ಮಡಿಸಿಟ್ಟಿದ್ದಳು. ಹೆದ್ದಾರಿ ಖಾಲಿ, ಅಕ್ಕಪಕ್ಕ ಮಂಜು ಕೂತ ಹಸಿರು ಬಯಲು, ಅವಳು ಕಿಟಕಿಗೆ ಹಣೆ ತಾಗಿಸಿಕೊಂಡು ನೋಡುತ್ತಲೇ ಇದ್ದಳು. ಹಿತಕಿದ ಬೇಳೆ ಸಾರಿಗೆ ಮೆಣಸು ಹುರಿದು ಹಾಕಬೇಕೋ ಹಸಿಯಾಗಿಯೋ ಎಂದು ದಾರಿಯುದ್ದಕ್ಕೂ ತನಗೆ ತಾನೇ ಚರ್ಚೆ ಮಾಡಿದಳು. ನಾನು ಹುಂ ಎನ್ನುತ್ತ, ಇಲ್ಲದ ಅಂಗಡಿಯ ಕಡೆಗೆ ಎಚ್ಚರಿಕೆಯಿಂದ ಕಾರು ಓಡಿಸಿದೆ.

ಕಾಪೆಲ್ಲೆಯ ಗಾಜಿನ ಕಟ್ಟಡಗಳೆಲ್ಲ ಬೀಗ ಹಾಕಿಕೊಂಡು ನಿಂತಿದ್ದವು. ಕೊರೊನಾ ಕಾಲದ ಶನಿವಾರ, ಆಫೀಸುಗಳ ಬಡಾವಣೆ. ಕಾಗೆಯೂ ಇರಬಾರದ ಜಾಗ. ಆದರೆ ಪಾರ್ಕಿಂಗ್‌ನಲ್ಲಿ ಸಾಲಾಗಿ ಕಾರುಗಳಿದ್ದವು. ಕಾರುಗಳ ಪಕ್ಕದಲ್ಲಿ ಮಾಸ್ಕು ಹಾಕಿಕೊಂಡ ಕನ್ನಡಿಗರು, ಬಟ್ಟೆಯ ಚೀಲ ಹಿಡಿದುಕೊಂಡು, ಒಬ್ಬರಿಂದೊಬ್ಬರು ಒಂದೂವರೆ ಮೀಟರ್ ದೂರದಲ್ಲಿ ನಿಂತು, ಆಕಾಶದಿಂದ ಅಂಗಡಿ ಇಳಿಯುತ್ತದೆಂಬಂತೆ ಸುತ್ತ ನೋಡುತ್ತಿದ್ದರು. "ಈ ಕಟ್ಟಡದ ಹಿಂದುಗಡೆ ನೋಡಿದ್ರಾ?" "ಬೇಸ್‌ಮೆಂಟಲ್ಲಿ ಇರಬಹುದಾ?" ಎಂಬ ಮಾತುಗಳು ಕೇಳುತ್ತಿದ್ದವು. ಅವರ ನಡುವೆ ಫೋನನ್ನು ಅತ್ತ ಇತ್ತ ತಿರುಗಿಸುತ್ತ, ಚಳಿಯಲ್ಲೂ ಬೆವರುತ್ತ ಪ್ರಹ್ಲಾದ ಓಡಾಡುತ್ತಿದ್ದರು. ದೂರು ಹೋಗಿದ್ದು ಅವರಿಗೇ ತಾನೆ? ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಿಕೊಂಡವರು ಅವರು.

ನನ್ನನ್ನು ಕಂಡು ನಿಂತರು. ನಾನೂ ನಿಂತೆ. ಈ ಕ್ಷಣಕ್ಕೆಂದೇ ಬಲೆ ಬೀಸಿದ್ದವನು ನಾನು. ಆದರೆ ಈಗ ಬಾಯಿ ಬಿಟ್ಟರೆ, ಹಬ್ಬದೂಟ ಬಿಟ್ಟು ಬಂದಂತೆ ನಿಂತಿರುವ ಈ ಚೀಲದ ಜನರೆಲ್ಲ ಮೊದಲು ಹಿಡಿಯುವುದು ಯಾರ ಕುತ್ತಿಗೆಯನ್ನು? ಪ್ರಹ್ಲಾದರ ಕಷ್ಟವೂ ಕಡಿಮೆಯದಲ್ಲ. "ಈ ಅಂಗಡಿ ಎಲ್ಲಿದೆ ಸರ" ಎಂದು ನನ್ನನ್ನು ಕೇಳಿದರೆ ತಾವು ನೋಡಿಲ್ಲ ಎಂದು ಒಪ್ಪಿಕೊಂಡಂತೆ. ಇಬ್ಬರೂ ಮಾಸ್ಕಿನ ಮೇಲಿನಿಂದ ಕಣ್ಣುಗಳನ್ನಷ್ಟೇ ನೋಡಿಕೊಂಡೆವು.

"ಭಾಳ ಥಂಡಿ ಐತ್ರಿ ಸರ ಇಲ್ಲೆ" ಎಂದರು.

"ಹೌದು, ಗಾಳಿನೂ ಇದೆ" ಎಂದೆ.

ಇಷ್ಟರಲ್ಲಿ ವಸುಧಾ ಅಲ್ಲಿರಲಿಲ್ಲ. ಕಟ್ಟಡಗಳ ತುದಿಯಲ್ಲಿ ರೋಟಿ ಮಾರುವ ಒಂದು ವ್ಯಾನ್ ನಿಂತಿತ್ತು. ಅದರೊಳಗೆ ಇಂದ್ರಾ ಎಂಬ ಸುರಿನಾಮಿನ ಹೆಂಗಸು. ಅವಳ ಹಿರಿಯರು ಯಾವ ಕಾಲಕ್ಕೋ ಬಿಹಾರದಿಂದ ಹಡಗು ಹತ್ತಿದವರು. ಆಫೀಸಿನವರನ್ನು ನಂಬಿಕೊಂಡು ವ್ಯಾನ್ ಇಟ್ಟವಳಿಗೆ ಆಫೀಸುಗಳೇ ಮುಚ್ಚಿಹೋಗಿ ವ್ಯಾಪಾರ ನೆಲಕಚ್ಚಿತ್ತು. ಪರವಾನಗಿ ಈ ಜಾಗಕ್ಕೇ ಕೊಟ್ಟಿದ್ದರಿಂದ ಬೇರೆಡೆಗೆ ಹೋಗುವಂತೆಯೂ ಇರಲಿಲ್ಲ. ಅಂಥವಳ ಮುಂದೆ ಬೆಳಗಿನಿಂದ ಒಬ್ಬೊಬ್ಬರೇ ಬಂದು ಪುಟ್ಟಮ್ಮ ಎಲ್ಲಿ ಎಂದು ಕೇಳಿಕೊಂಡು, ಏನೂ ಕೊಳ್ಳದೆ ಹೋಗುತ್ತಿದ್ದರಂತೆ. ವಸುಧಾ ಮಾತ್ರ ಅಲ್ಲಿ ಬಾರಾ ಕೊಂಡಳು. ಬಾರಾ ಎಂದರೆ ನಮ್ಮ ಉದ್ದಿನವಡೆಯ ದೂರದ ನೆಂಟ. ತಿನ್ನುತ್ತ ತಿನ್ನುತ್ತ, ಅಮ್ಮ ಕಳಿಸಿದ್ದ ಅವರೆಕಾಯಿಯ ಫೋಟೊ ತೋರಿಸಿದಳು. ಇಂದ್ರಾ ಕನ್ನಡಕ ಏರಿಸಿ ನೋಡಿದಳು. "ಇದಾ? ಇದು ನಮ್ಮಜ್ಜಿ ಹಿತ್ತಲಲ್ಲಿ ಬೆಳೀತಿದ್ದಳಲ್ಲ! ಸುರಿನಾಮಿನಿಂದ ತರಕಾರಿ ತರಿಸುವ ಸಗಟಿನವನು ನನ್ನ ಅಕ್ಕನ ಗಂಡ. ಎಷ್ಟು ಬೇಕು?" ಎಂದಳು. ವಸುಧಾ ತಿರುಗಿ ಪಾರ್ಕಿಂಗ್‌ನಲ್ಲಿದ್ದ ಚೀಲಗಳನ್ನೆಲ್ಲ ಕಣ್ಣಳತೆಯಲ್ಲೇ ಅಳೆದು, "ಈ ಎಲ್ಲಾರಿಗೂ" ಎಂದಳಂತೆ.

ಮುಂದಿನ ಶನಿವಾರ ಅದೇ ಜಾಗದಲ್ಲಿ ಅವರೆಕಾಯಿಯ ಡಬ್ಬಗಳು ಇಳಿದವು. ಸೊಗಡು ಮೈಸೂರಿನಷ್ಟಿರಲಿಲ್ಲ, ಆದರೂ ಇತ್ತು. ವ್ಯಾನಿನ ನೆತ್ತಿಗೆ ಇಂದ್ರಾ ಒಂದು ರಟ್ಟಿನ ಬೋರ್ಡು ಕಟ್ಟಿದ್ದಳು: ಟೋಕೊ ಪುಟ್ಟಮ್ಮ. ಎಲ್ಲರೂ ಇದೇ ಹೆಸರು ಕೇಳಿಕೊಂಡು ಬರುವಾಗ ಬೇರೆ ಹೆಸರು ಯಾಕೆ ಎಂಬುದು ಅವಳ ವಾದ. ನಾನು ಬೋರ್ಡನ್ನೇ ನೋಡುತ್ತ ನಿಂತೆ. ಗಿರಾಕಿಗಳ ಸಾಲು ತಿರುವಿನವರೆಗೆ ಬೆಳೆದಿತ್ತು. ತೂಕದ ವಿಷಯಕ್ಕೆ ಇಂದ್ರಾ ಯಾರೊಂದಿಗೋ ಜಗಳವಾಡುತ್ತಿದ್ದಳು, ಥೇಟ್ ಪುಟ್ಟಮ್ಮನ ದನಿಯಲ್ಲೇ. ಆ ಗದ್ದಲದ ನಡುವೆ ಅವಳು ಕೇಳಿದಳು: "ಅಂದಹಾಗೆ ಈ ಪುಟ್ಟಮ್ಮ ಯಾರು? ನನಗೆ ಇಷ್ಟು ವ್ಯಾಪಾರ ತಂದುಕೊಟ್ಟವಳು?"

ನಾನು ಬಾಯಿ ತೆರೆಯುವುದರೊಳಗೆ ಪ್ರಹ್ಲಾದ ಮುಂದೆ ಬಂದರು. ಪುಟ್ಟಮ್ಮ ತಮ್ಮ ಸೋದರತ್ತೆ ಎಂದರು. ಬಹಳ ಸಾತ್ವಿಕ ಹೆಂಗಸು, ಯಾರೊಂದಿಗೂ ಜೋರಾಗಿ ಮಾತಾಡಿದವಳಲ್ಲ ಎಂದರು. ಇಂದ್ರಾ ಕಣ್ಣೊರೆಸಿಕೊಂಡು ಅವರಿಗೆ ಎರಡು ರೋಟಿಯನ್ನು ಪುಕ್ಕಟೆಯಾಗಿ ಕಟ್ಟಿಕೊಟ್ಟಳು. ಪ್ರಹ್ಲಾದ ನನ್ನ ಕಡೆ ತಿರುಗಿ, ಕಣ್ಣು ಕೂಡ ಮಿಟುಕಿಸದೆ, "ಮ್ಯಾಪ್ ಮಾಡೋದು ಸುಮ್ನ ಅಲ್ಲ ನೋಡ್ರಿ ಸರ" ಎಂದರು. ನನ್ನ ಅಷ್ಟೂ ಚುಕ್ಕೆಗಳನ್ನು ತೆಗೆದುಕೊಂಡಾಗ ಅವರು ಕಳ್ಳರಾಗಿರಲಿಲ್ಲ ಎಂದು ಮಾರ್ಲೀಸ್ ಹೇಳಿದ್ದಳು. ಇದೋ, ಈಗ ಕದ್ದರು. ನನ್ನ ಸ್ವಂತ ಕಲ್ಪನೆಯನ್ನು, ಹಾಡಹಗಲು, ನನ್ನ ಕಣ್ಣೆದುರೇ. ಕೂಗಿಕೊಳ್ಳುವ ಹಾಗಿರಲಿಲ್ಲ. ಮನೆಗೆ ಬಂದು ಬೇಲಿಯ ಬಳಿ ಮಾರ್ಲೀಸ್‌ಗೆ ಎಲ್ಲವನ್ನೂ ಹೇಳಿದೆ. ಅವಳು ನಕ್ಕು ನಕ್ಕು ಕುರ್ಚಿಯಲ್ಲಿ ಕೂತುಬಿಟ್ಟಳು. "ತಡಮಾಡಿದೆ ನೀನು. ಸುಳ್ಳಾಗಿದ್ದಾಗ ಅದು ನಿನ್ನದಾಗಿತ್ತು. ಈಗ ಬೋರ್ಡು ಬಂದಿದೆ, ವ್ಯಾಪಾರ ನಡೀತಿದೆ, ಅದು ವಾಸ್ತವವಾಯಿತು. ಇನ್ನು ಅದು ಎಲ್ಲರದ್ದು" ಎಂದಳು.

ಆದರೆ ಆ ಸಂಜೆ ನಮ್ಮ ಮನೆಯಲ್ಲಿ ಪೇಪರು ಹಾಸಿ, ಅವರೆಕಾಯಿ ಸುರಿದು, ವಸುಧಾ ಫೋನನ್ನು ಮುಂದೆ ನಿಲ್ಲಿಸಿಕೊಂಡು ಕೂತಳು. ಅಲ್ಲಿ ಅಮ್ಮ ಕಾಳು ಹಿತಕುತ್ತಿದ್ದರು, ಇಲ್ಲಿ ಮಗಳು ಹಿತಕುತ್ತಿದ್ದಳು. ಕಾಪೆಲ್ಲೆ ಎಂಬ ಊರಿನಲ್ಲಿ ಪುಟ್ಟಮ್ಮನ ಅಂಗಡಿ ಇದೆ ಎಂದು ಕೇಳಿ ಅತ್ತೆಯವರು, "ನಮ್ಮೋರು ಎಲ್ಲೆಲ್ಲಿ ಹೋಗಿ ಸೇರ್ಕೊಂಡಿದ್ದಾರಪ್ಪ!" ಎಂದು ಬೆರಗಾದರು. ಸಿಪ್ಪೆಯನ್ನು ವಸುಧಾ ಹಸಿರು ಕಸದ ಡಬ್ಬಕ್ಕೆ ಮೇಲಿನಿಂದ ಕಾಣುವಂತೆ ಹಾಕಿ, ಮುಚ್ಚಳವನ್ನು ಅರ್ಧ ತೆಗೆದೇ ಇಟ್ಟಳು; ಮೈಸೂರಿನಲ್ಲಿ ಇವತ್ತು ನಮ್ಮನೆಯಲ್ಲಿ ಅವರೆ ಎಂದು ಊರಿಗೆ ತಿಳಿಯಲೆಂದೇ ಬೀದಿಗೆ ಸುರಿಯುತ್ತಿದ್ದ ಹೆಮ್ಮೆಗೆ ಇಲ್ಲಿ ಅಷ್ಟೇ ಅವಕಾಶ. ನಾನು ಸಾರು ಮೂರು ಸಲ ಬಡಿಸಿಕೊಂಡೆ. ಹಕ್ಕು ಹೋದದ್ದಕ್ಕೆ ಉರಿಯುತ್ತಿದ್ದ ಹೊಟ್ಟೆ ಆ ಸಾರಿಗೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಕತೆ ಇಲ್ಲಿಗೇ ಮುಗಿದಿದ್ದರೆ ನನಗೆ ಮರ್ಯಾದೆಯಾಗಿರುತ್ತಿತ್ತು. ವಸಂತ ಬಂದು ಬಿಸಿಲು ಬಿದ್ದ ಮೇಲೆ ವಸುಧಾಗೆ ನುಗ್ಗೆಸೊಪ್ಪಿನ ಪಲ್ಯದ ಮೇಲೆ ಮನಸ್ಸಾಯಿತು. "ಆಲ್ಮೆರೆಯಲ್ಲಿ ಸಿಗುತ್ತೆ ಅಂತ ನಿಮ್ಮ ಮ್ಯಾಪಲ್ಲೇ ಇದೆಯಲ್ಲ" ಎಂದಳು. ಕೊನೆಗೂ ಇವಳು ನನ್ನ ಮ್ಯಾಪ್ ತೆರೆದು ನೋಡಿದಳಲ್ಲ ಎಂದು ಹಿಗ್ಗಿ, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡೇ ಕಾರು ತೆಗೆದೆ. ಆಲ್ಮೆರೆ ಹೊಸ ಊರು. ಒಂದೇ ಅಚ್ಚಿನಲ್ಲಿ ತೆಗೆದಂತೆ ಸಾಲು ಮನೆಗಳು, ಮನೆಗಳ ಮುಂದೆ ಮಕ್ಕಳ ಸೈಕಲ್ಲುಗಳು. ಟೋಕೊ ಚೆಲ್ಲಮ್ಮನ ಚುಕ್ಕೆ ಇದ್ದ ಜಾಗದಲ್ಲಿ ಒಬ್ಬ ಡಚ್ ಅಜ್ಜ ಏಣಿ ಹತ್ತಿ ಕಿಟಕಿ ಒರೆಸುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವನು ಏಣಿಯಿಂದಲೇ ತಲೆಯಾಡಿಸಿದ. "ಇಲ್ಲ, ಇಲ್ಲಿ ಯಾವ ಸೊಪ್ಪೂ ಇಲ್ಲ. ಇದು ಮನೆ. ಆಗಾಗ ನಿಮ್ಮಂಥವರು ಬಂದು ಕೇಳುತ್ತಿರುತ್ತಾರೆ" ಎಂದ. ಮನೆಯನ್ನು ನೋಡಿದೆ, ಫೋನನ್ನು ನೋಡಿದೆ, ಮತ್ತೆ ಮನೆಯನ್ನು ನೋಡಿದೆ.

ವಸುಧಾ ಕಾರಿಗೆ ಒರಗಿ ನಿಂತಿದ್ದಳು. "ಚೆಲ್ಲಮ್ಮ, ಪಾಪ, ಸೆಂದಿಲ್ ಅವರ ಬೀದಿಗೆ ಸೊಪ್ಪು ತರ್ತಿದ್ದೋಳು ಇರಬೇಕು" ಎಂದಳು.

ನಾನು ಬೆಚ್ಚಿ ಅವಳನ್ನು ನೋಡಿದೆ. "ಹಾಗಾದ್ರೆ ಕಾಪೆಲ್ಲೆ ವಿಷಯ... ಯಾವಾಗ ಗೊತ್ತಾಯ್ತು?"

"ದಾರೀಲೇ ಗೊತ್ತಾಯ್ತು. ಮದುವೆಯಾದಾಗಿನಿಂದ ಆ ಪುಟ್ಟಮ್ಮನ ಕತೆ ಎಷ್ಟು ಸಲ ಹೇಳಿದ್ದೀರಿ ನೀವು? ಮ್ಯಾಪಲ್ಲಿ ಹೆಸರು ನೋಡಿದಾಗ ಇರಬಹುದಪ್ಪ ಅಂದ್ಕೊಂಡೆ. ಆಮೇಲೆ ನೋಡಿದ್ರೆ, ಹುಡುಕೋದಕ್ಕೆ ಅಂಗಡೀನೇ ಇಲ್ಲ ಅನ್ನೋರ ಹಾಗೆ, ಇಡೀ ದಾರಿ ನೀವು ಒಂದ್ಸಲನೂ ಜಿಪಿಎಸ್‌ಗೆ ಬೈಲಿಲ್ಲ."

"ಮತ್ತೆ ಹೇಳಬಾರದಿತ್ತಾ?"

"ಹೇಳಿದ್ರೆ ಕಾರು ತಿರುಗಿಸಿಬಿಡ್ತಿದ್ರಿ. ಎಷ್ಟು ತಿಂಗಳಾಗಿತ್ತು ಗೊತ್ತಾ ನಾನು ಮನೆಯಿಂದ ಆಚೆ ಬಂದು?"

ಅವಳು ಪ್ರಹ್ಲಾದರ ಮ್ಯಾಪ್ ತೆರೆದು ತೋರಿಸಿದಳು. ಅದರಲ್ಲಿ ಆಲ್ಮೆರೆಯ ಚುಕ್ಕೆ ಇರಲೇ ಇಲ್ಲ. ಕಾಪೆಲ್ಲೆಯಲ್ಲಿ ಬೆವರಿದ ಮೇಲೆ ಆ ಮನುಷ್ಯ ಪ್ರತಿಯೊಂದು ಚುಕ್ಕೆಯನ್ನೂ ಖುದ್ದಾಗಿ ಹೋಗಿ ನೋಡಿಬರುತ್ತಿದ್ದಾರಂತೆ. ನುಗ್ಗೆಸೊಪ್ಪು ಹತ್ತಿರದಲ್ಲೇ ಇನ್ನೆಲ್ಲೋ ಸಿಗುತ್ತದೆಂದು ಅದರಲ್ಲಿತ್ತು. ಅಲ್ಲಿಗೇ ಹೋಗಿ ತಂದೆವು. ಮನೆಗೆ ಬರುವ ದಾರಿಯಲ್ಲಿ ನನಗೆ ಸೆಂದಿಲ್ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಂಥ ಮನುಷ್ಯ, ಜನ ನಂಬಿ ನೋಡುವ ಪಟ್ಟಿಯಲ್ಲಿ ಇಲ್ಲದ ಅಂಗಡಿ ಬರೆಯುವುದೇ? ಸೋಮವಾರ ಬೆಳಗ್ಗೆ ಮೀಟಿಂಗ್‌ನಲ್ಲಿ ಅವನ ಮುಖ ಪರದೆಯ ಮೇಲೆ ಬಂದ ಕೂಡಲೇ ತರಾಟೆಗೆ ತೆಗೆದುಕೊಳ್ಳಬೇಕೆಂದು ಕಾದಿದ್ದೆ. ಅವನು ಬಂದ, ನಕ್ಕ, "ವಾರಾಂತ್ಯದಲ್ಲಿ ಎಲ್ಲಾದರೂ ಹೋಗಿದ್ದೆಯಾ?" ಎಂದು ಬಹಳ ಅಕ್ಕರೆಯಿಂದ ಕೇಳಿದ.

"ಎಲ್ಲಿಗೂ ಇಲ್ಲ" ಎಂದೆ.